ಮಕ್ಕಳಿಗೆ ಚೌಡಯ್ಯನವರ ಪಿಟೀಲು ಕೇಳಿಸುವ ಮುಂಚೆ

ಬಾಲಭವನದಲ್ಲೋ ಬಡಾವಣೆಯ ಕಲಾಕೇಂದ್ರದಲ್ಲೋ ಮಕ್ಕಳಿಗೆ ಕರ್ನಾಟಕ ಸಂಗೀತದ ವಿದ್ವಾನ್ ಟಿ. ಚೌಡಯ್ಯನವರ ಪಿಟೀಲು ಕೇಳಿಸುವವರಿದ್ದರೆ, ರೆಕಾರ್ಡಿಂಗ್ ಹಾಕುವ ಮೊದಲು ಮಕ್ಕಳನ್ನು ಎರಡು ಗುಂಪು ಮಾಡಿ. ಒಂದು ಗುಂಪು ಕೆಳಗಿನ 'ಸ' ಹಿಡಿಯಲಿ, ಇನ್ನೊಂದು ಮೇಲಿನ 'ಸ'. ಎರಡೂ ಕೂಡಿದರೆ ಕೋಣೆ ತುಂಬಿದ ಹಾಗಾಗುತ್ತದೆ, ಮಕ್ಕಳೇ ಕಣ್ಣರಳಿಸಿ ಆಚೀಚೆ ನೋಡುತ್ತಾರೆ. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಗುಟ್ಟೂ ಇದೇ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿಕೊಂಡರು. ಒಂದೇ ಸ್ವರ ಎರಡು ಸ್ಥಾಯಿಯಲ್ಲಿ, ಅಂದರೆ ಕೆಳಗೂ ಮೇಲೂ, ಒಟ್ಟಿಗೆ ನುಡಿಯುತ್ತದೆ. ತಾವೇ ಮಾಡಿದ ಸದ್ದನ್ನು ರೆಕಾರ್ಡಿಂಗಿನಲ್ಲಿ ಹುಡುಕುವಾಗ ಮಕ್ಕಳ ಕಿವಿ ಚುರುಕಾಗುತ್ತದೆ. '1895ರಲ್ಲಿ ಹುಟ್ಟಿದರು' ಅಂತ ಶುರು ಮಾಡಿದಿರೋ, ಆಕಳಿಕೆ ಗ್ಯಾರಂಟಿ! ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಇದು ನಡೆಯುವುದಿಲ್ಲ, ಕೆಳಸ್ಥಾಯಿ ಮಾಯವಾಗಿಬಿಡುತ್ತದೆ. ಹಳೆಯ ರೆಕಾರ್ಡಿನ ಕರಕರ ಸದ್ದೂ ಇರುತ್ತದಲ್ವಾ, ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಐದಾರು ವರ್ಷದೊಳಗಿನವರಿಗೆ ಶ್ರುತಿ ನಿಲ್ಲುವುದಿಲ್ಲ. ಅವರಿಗೆ ಸುಮ್ನೆ ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಫೋಟೋ ತೋರಿಸಿ, ಪಿಟೀಲಿನ ಆಕಾರದ ಆ ಕಟ್ಟಡವನ್ನು ಬಿಡಿಸಲು ಬಣ್ಣದ ಪೆನ್ಸಿಲ್ ಕೊಟ್ಟುಬಿಡಿ.