ಕೈಯಿಲ್ಲದ ಬೇಟೆಗಾರ: ಮೀನು ಮೀನನ್ನು ಹಿಡಿದು ತಿನ್ನುವುದು ಹೇಗೆ?

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಗಾದೆ ಮೀನಿಗೆ ಹೊಂದುವುದೇ ಇಲ್ಲ. ಅದಕ್ಕೆ ಕೈಯೇ ಇಲ್ಲವಲ್ಲ! ಹಿಡಿಯುವುದೂ ಬಾಯಿಂದ, ಬಿಟ್ಟುಹೋಗದಂತೆ ಇಟ್ಟುಕೊಳ್ಳುವುದೂ ಬಾಯಲ್ಲೇ. ಅದರ ಮೇಲೆ ನೀರಿನ ಕಾಟ ಬೇರೆ. ಬಕೆಟ್ ನೀರಿನಲ್ಲಿ ತೇಲುವ ಸಣ್ಣ ಕಸವನ್ನು ಎರಡು ಬೆರಳಲ್ಲಿ ಎತ್ತಲು ಹೋಗಿ ನೋಡಿ. ಬೆರಳು ಹತ್ತಿರ ಬಂದಷ್ಟೂ ಕಸ ಆ ಕಡೆ ಜಾರುತ್ತದೆ, ಯಾಕೆಂದರೆ ಬೆರಳು ತಳ್ಳಿದ ನೀರೇ ಕಸವನ್ನೂ ತಳ್ಳಿಬಿಡುತ್ತದೆ. ಬೇಟೆಯಾಡುವ ಮೀನಿಗೂ ದಿನಾ ಇದೇ ಫಜೀತಿ. ಅದನ್ನು ಅದು ಹೇಗೆ ನಿಭಾಯಿಸುತ್ತದೆ ಅನ್ನುವುದೇ ಮಜಾ.

ಮೊದಲು ಪತ್ತೆ ಹಚ್ಚಬೇಕು

ತಿಳಿನೀರು, ಬೆಳಕು ಎರಡೂ ಇದ್ದರೆ ಕಣ್ಣು ಸಾಕು. ಕೆಸರು ನೀರಿನಲ್ಲಿ, ಕತ್ತಲಲ್ಲಿ ಏನು ಮಾಡಬೇಕು? ಮೀನಿನ ಪಕ್ಕೆಯ ಮೇಲೆ ಕಿವಿರಿನಿಂದ ಬಾಲದವರೆಗೆ ಸಣ್ಣ ಗೆರೆಯೊಂದು ಇರುತ್ತದೆ, ಗಮನಿಸಿದ್ದೀರಾ? ಅದು ಸುಮ್ನೆ ಅಂದಕ್ಕೆ ಅಲ್ಲ. ಆ ಗೆರೆಯ ಕೆಳಗೆ ಒಂದು ಕೊಳವೆ, ಕೊಳವೆಯೊಳಗೆ ಕೂದಲಿನಂಥ ಎಳೆಗಳಿರುವ ಜೀವಕೋಶಗಳು. ಪಕ್ಕದಲ್ಲಿ ಯಾವುದೋ ಮೀನು ಬಾಲ ಅಲ್ಲಾಡಿಸಿತು ಅಂದುಕೊಳ್ಳಿ. ನೀರು ಅಲುಗುತ್ತದೆ, ಎಳೆ ಬಾಗುತ್ತದೆ, ಸುದ್ದಿ ಮೆದುಳಿಗೆ ಮುಟ್ಟುತ್ತದೆ. ಬೆಕ್ಕುಮೀನು ಇನ್ನೊಂದು ಹೆಜ್ಜೆ ಮುಂದೆ. ಅದಕ್ಕೆ ಮೀಸೆಯ ಮೇಲಷ್ಟೇ ಅಲ್ಲ, ಚರ್ಮದ ಮೇಲೂ ರುಚಿ ಮೊಗ್ಗುಗಳಿವೆ. ಮೈಯೆಲ್ಲ ನಾಲಿಗೆ ಅಂದರೂ ತಪ್ಪಲ್ಲ.

ಶಾರ್ಕ್‌ನ ಕಥೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದರ ಮೂತಿಯ ತುಂಬ ಸಣ್ಣ ಸಣ್ಣ ತೂತುಗಳು, ಒಳಗೆ ಲೋಳೆ ತುಂಬಿದ ನಳಿಕೆಗಳು. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ಇವನ್ನು ವಿವರಿಸಿ ಬರೆದಿದ್ದ. ಅವು ಬೇಟೆಗೆ ಹೇಗೆ ಬರುತ್ತವೆ ಅನ್ನುವುದು ಖಚಿತವಾಗಲು ಸುಮಾರು ಮುನ್ನೂರು ವರ್ಷ ಬೇಕಾಯಿತು. 1971ರಲ್ಲಿ ಕಾಲ್ಮೈನ್ ಎಂಬ ವಿಜ್ಞಾನಿ ಪ್ರಕಟಿಸಿದ ಪ್ರಯೋಗ ಹೀಗಿತ್ತು: ಜೀವಂತ ಚಪ್ಪಟೆ ಮೀನೊಂದನ್ನು ಅಗರ್ (ಕಡಲಪಾಚಿಯಿಂದ ಮಾಡುವ ಜೆಲ್ಲಿ) ಗೂಡಿನೊಳಗಿಟ್ಟು ಮರಳಿನಡಿ ಹೂತು, ಅದರ ವಾಸನೆ ಕೊಳವೆಯೊಂದರಿಂದ ದೂರದಲ್ಲಿ ಹೊರಬರುವಂತೆ ಮಾಡಿದ್ದರು. ಶಾರ್ಕ್ ವಾಸನೆಯ ಕಡೆ ಹೋಗಲೇ ಇಲ್ಲ, ಸೀದಾ ಮೀನು ಇದ್ದ ಜಾಗವನ್ನೇ ಅಗೆಯಿತು. ವಿದ್ಯುತ್ ದಾಟದ ಪ್ಲಾಸ್ಟಿಕ್ ಹಾಳೆ ಮುಚ್ಚಿದಾಗ ದಾರಿ ತಪ್ಪಿತು. ಮೀನನ್ನು ತೆಗೆದು, ಮರಳಿನಡಿ ಬರೀ ಎರಡು ವಿದ್ಯುತ್ ತಂತಿ ತುದಿಗಳನ್ನು ಇಟ್ಟು ಸಣ್ಣ ಕರೆಂಟ್ ಹರಿಸಿದರೆ, ಅದನ್ನೂ ಊಟವೆಂದೇ ನಂಬಿ ನುಗ್ಗಿತು! ಅಂದರೆ ಬದುಕಿರುವ ಮೀನು ಅಲುಗಾಡದೆ ಅಡಗಿದ್ದರೂ ಅದರ ಮೈಯ ವಿದ್ಯುತ್ತೇ, ಮೂತಿಯ ಆ ನಳಿಕೆಗಳ ಮೂಲಕ, ಅದನ್ನು ಶಾರ್ಕ್‌ಗೆ ಹಿಡಿದುಕೊಡುತ್ತದೆ.

ಆಮೇಲೆ ಹತ್ತಿರ ಹೋಗಬೇಕು

ಇಲ್ಲವೇ ಬೇಟೆಯೇ ಹತ್ತಿರ ಬರುವಂತೆ ಮಾಡಬೇಕು. ಆಂಗ್ಲರ್‌ಫಿಶ್‌ಗೆ ಬೆನ್ನಿನ ಈಜುರೆಕ್ಕೆಯ ಮೊದಲ ಮುಳ್ಳೇ ಗಾಳವಾಗಿದೆ. ಕಡಲಾಳದ ಜಾತಿಗಳಲ್ಲಿ ಆ ಗಾಳದ ತುದಿ ಬ್ಯಾಕ್ಟೀರಿಯಾಗಳಿಂದಾಗಿ ಮಿನುಗುತ್ತದೆ. ಓಡಿಸಿಕೊಂಡು ಹೋಗಿ ಹಿಡಿಯುವ ಟೂನಾದಂಥವೂ ಇವೆ, ಆದರೆ ಹೊಂಚು ಹಾಕಿ ಕೂರುವವರ ಜಾಣತನವೇ ನನಗೆ ಜಾಸ್ತಿ ಇಷ್ಟ.

ಈಗ ಹಿಡಿಯುವ ಕ್ಷಣ

ಬಕೆಟ್‌ನ ಕಸ ನೆನಪಿದೆ ಅಲ್ವಾ? ಬಾಯಿ ಮುಂದೆ ಮಾಡಿ ನುಗ್ಗಿದರೆ ಬೇಟೆ ಆ ಕಡೆ ಜಾರುತ್ತದೆ. ಅದಕ್ಕೇ ಹೆಚ್ಚಿನ ಮೀನುಗಳು ಬೇಟೆಯನ್ನು ಹಿಡಿಯಲು ಹೋಗುವುದೇ ಇಲ್ಲ, ಬೇಟೆ ಇರುವ ನೀರನ್ನೇ ಎಳೆದುಕೊಳ್ಳುತ್ತವೆ. ಕೆಳದವಡೆ ಕೆಳಕ್ಕೆ, ತಲೆ ಮೇಲಕ್ಕೆ, ಕೆನ್ನೆ ಎರಡೂ ಬದಿಗೆ, ಎಲ್ಲ ಹೆಚ್ಚುಕಡಿಮೆ ಒಟ್ಟಿಗೇ ಅಗಲವಾಗುತ್ತವೆ. ಬಾಯೊಳಗೆ ಒತ್ತಡ ಥಟ್ಟನೆ ಇಳಿಯುತ್ತದೆ, ಹೊರಗಿನ ನೀರು ಬೇಟೆಯ ಸಮೇತ ಒಳಕ್ಕೆ ನುಗ್ಗುತ್ತದೆ. ಬಾಯಿ ಮುಚ್ಚಿದ ಮೇಲೆ ನೀರು ಕಿವಿರಿನ ಸಂದಿಯಿಂದ ಆಚೆ ಹೋಗುತ್ತದೆ, ತುತ್ತು ಮಾತ್ರ ಒಳಗೇ ಉಳಿಯುತ್ತದೆ. ಫ್ರಾಗ್‌ಫಿಶ್‌ಗೆ ಈ ಎಳೆತಕ್ಕೆ ಸುಮಾರು 6 ಮಿಲಿಸೆಕೆಂಡ್ ಸಾಕು. ನಾವು ಒಮ್ಮೆ ಕಣ್ಣು ಮಿಟುಕಿಸಲು ಅದರ ಹತ್ತಾರು ಪಟ್ಟು ಹೊತ್ತು ಬೇಕು.

ತೊಂದರೆ ಏನೆಂದರೆ ಈ ಎಳೆತ ಬಾಯಿಯ ಅಗಲದಷ್ಟು ದೂರ ದಾಟಿದರೆ ಕೆಲಸ ಮಾಡುವುದಿಲ್ಲ. ಹಾಗಾಗಿ ಬಾಯನ್ನೇ ಮುಂದಕ್ಕೆ ಚಾಚುವ ಮೀನುಗಳಿವೆ. ಸ್ಲಿಂಗ್‌ಜಾ ರ‍್ಯಾಸ್ ಎಂಬ ಮೀನು ತನ್ನ ತಲೆಯ ಉದ್ದದ ಅರ್ಧಕ್ಕಿಂತ ಜಾಸ್ತಿ ದೂರ ದವಡೆಯನ್ನು ಕೊಳವೆಯಂತೆ ಹೊರಗೆ ಹಾಕುತ್ತದೆ.

ಕೊನೆಗೆ ನುಂಗುವುದು

ಶಾರ್ಕ್ ಕಚ್ಚಿ, ತಲೆ ಒದರಿ ಹರಿದು ತಿನ್ನಬಲ್ಲದು. ಉಳಿದ ಬೇಟೆಯಾಡುವ ಮೀನುಗಳಲ್ಲಿ ಹೆಚ್ಚಿನವು ಇಡಿಯಾಗಿ ನುಂಗುತ್ತವೆ, ಅದೂ ಸಾಮಾನ್ಯವಾಗಿ ತಲೆ ಕಡೆಯಿಂದ. ಹಾಗೆ ನುಂಗಿದರೆ ಮುಳ್ಳು, ರೆಕ್ಕೆ ಎಲ್ಲ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಬಾಲದಿಂದ ನುಂಗಿದರೆ ಅವೇ ಮುಳ್ಳು ಬಿಚ್ಚಿಕೊಂಡು ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಅಡ್ಡ ಸಿಕ್ಕಿದ ಮೀನನ್ನು ಬಾಯಲ್ಲೇ ತಿರುಗಿಸಿ ಸರಿಮಾಡಿಕೊಳ್ಳುವುದೂ ಉಂಟು.

ಗಂಟಲೊಳಗೆ ಇನ್ನೊಂದು ಜೊತೆ ದವಡೆ ಇರುವುದು ಹೆಚ್ಚಿನ ಮೀನುಗಳಲ್ಲಿ ಮಾಮೂಲು. ಹಾವಿನಂತೆ ಕಾಣುವ ಮೊರೆ ಈಲ್ ಮೀನಿನದು ಮಾತ್ರ ಬೇರೆಯೇ ಲೆಕ್ಕ. ಬಂಡೆ ಸಂದಿಯಲ್ಲಿ ತೂರಿಕೊಂಡಿರುವ ಅದರ ಸಪೂರ ತಲೆಗೆ ಜೋರಾಗಿ ನೀರೆಳೆಯುವ ಶಕ್ತಿ ಇಲ್ಲ. ಮುಂದಿನ ಹಲ್ಲು ಬೇಟೆಯನ್ನು ಕಚ್ಚಿ ಹಿಡಿಯುತ್ತದೆ, ಅಷ್ಟರಲ್ಲಿ ಗಂಟಲಿನ ದವಡೆ ಬಾಯಿಯವರೆಗೂ ಓಡಿಬಂದು ತುತ್ತನ್ನು ಕಚ್ಚಿ ಒಳಕ್ಕೆ ಎಳೆದೊಯ್ಯುತ್ತದೆ. ಇದನ್ನು ರೀಟಾ ಮೆಹ್ತಾ ಮತ್ತು ಪೀಟರ್ ವೈನ್‌ರೈಟ್ ಎಂಬ ವಿಜ್ಞಾನಿಗಳು 2007ರಲ್ಲಿ ತೋರಿಸಿಕೊಟ್ಟರು.

ಎಷ್ಟು ದೊಡ್ಡದನ್ನು ನುಂಗಬಹುದು? ಸಾಮಾನ್ಯವಾಗಿ ಬಾಯಿ ಎಷ್ಟು ತೆರೆಯುತ್ತದೋ ಅಷ್ಟು. ಕಡಲಾಳದ ಬ್ಲ್ಯಾಕ್ ಸ್ವಾಲೋವರ್‌ಗೆ ಈ ಲೆಕ್ಕ ಗೊತ್ತೇ ಇಲ್ಲ, ಅದರ ಹೊಟ್ಟೆ ಬಲೂನಿನಂತೆ ಹಿಗ್ಗುತ್ತದೆ. 2007ರಲ್ಲಿ ಕೆರಿಬಿಯನ್ ಕಡಲಿನ ಗ್ರ್ಯಾಂಡ್ ಕೇಮನ್ ದ್ವೀಪದ ಬಳಿ 19 ಸೆಂ.ಮೀ. ಉದ್ದದ ಒಂದು ಸ್ವಾಲೋವರ್ ಸತ್ತು ಸಿಕ್ಕಿತು. ಹೊಟ್ಟೆಯಲ್ಲಿ 86 ಸೆಂ.ಮೀ. ಉದ್ದದ ಮೀನಿತ್ತು. ಇಷ್ಟು ದೊಡ್ಡ ತುತ್ತು ಅರಗುವ ಮೊದಲೇ ಕೊಳೆಯುತ್ತದೆ, ಗ್ಯಾಸ್ ತುಂಬುತ್ತದೆ, ನುಂಗಿದವನನ್ನೇ ಮೇಲಕ್ಕೆ ತೇಲಿಸುತ್ತದೆ. ಹಿಡಿದದ್ದೂ ಆಯಿತು, ನುಂಗಿದ್ದೂ ಆಯಿತು, ದಕ್ಕಲಿಲ್ಲ ಅಷ್ಟೇ.