ಸಿಮ್ ಪಿನ್ ಕೇಳಿದರೆ ಊಹಿಸಲು ಹೋಗಬೇಡಿ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಯಾವುದಾದರೂ ಮೊಬೈಲ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: ‘ಅಣ್ಣಾರ, ಫೋನ್ ಲಾಕ್ ಆಗೇತ್ರಿ, ಫಾರ್ಮ್ಯಾಟ್ ಹೊಡದು ಕೊಡ್ರಿ.’ ಅಂಗಡಿಯವರು ಫೋನ್ ತಿರುಗಿಸಿ ನೋಡಿದರೆ ಸ್ಕ್ರೀನ್ ಮೇಲೆ ‘ಎಂಟರ್ ಸಿಮ್ ಪಿನ್’ ಅಂತಲೋ, ‘ಎಂಟರ್ ಪಿಯುಕೆ’ ಅಂತಲೋ ಇರುತ್ತದೆ. ಲಾಕ್ ಆಗಿರುವುದು ಫೋನ್ ಅಲ್ಲ, ಒಳಗಿನ ಸಿಮ್. ಸಿಮ್ ಪಿನ್ ಅಂದರೆ ಸಿಮ್‌ಗೆ ಹಾಕುವ ಗುಟ್ಟಿನ ನಂಬರ್. ಅದು ತಪ್ಪಿ ತಪ್ಪಿ ಸಿಮ್ ಬ್ಲಾಕ್ ಆದರೆ ಬಿಡಿಸುವ ಇನ್ನೊಂದು ನಂಬರ್ ಪಿಯುಕೆ. ಇಂಥ ಫೋನನ್ನು ಫಾರ್ಮ್ಯಾಟ್ ಹೊಡೆದರೆ ಮಕ್ಕಳ ಫೋಟೊ, ವಾಟ್ಸ್‌ಆ್ಯಪ್ ಚಾಟ್ ಎಲ್ಲ ಹೋಗುತ್ತವೆ. ಸಿಮ್ ಲಾಕ್ ಮಾತ್ರ ಇದ್ದಲ್ಲೇ ಇರುತ್ತದೆ.

ಕಾರಣ ಸರಳ. ಈ ಪಿನ್ ಇರುವುದು ಸಿಮ್‌ನ ಚಿಪ್‌ನಲ್ಲಿ. ನೀವು ಒತ್ತಿದ ನಂಬರ್ ಸರಿಯೋ ತಪ್ಪೋ ಎಂದು ನೋಡುವುದೂ ಅದೇ ಚಿಪ್. ಎಷ್ಟು ಸಲ ತಪ್ಪಾಯಿತು ಎಂಬ ಲೆಕ್ಕವೂ ಅದರಲ್ಲೇ. ಹಾಗಾಗಿ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೂ, ಸ್ವಿಚ್ ಆಫ್ ಮಾಡಿ ಆನ್ ಮಾಡಿದರೂ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಸರಿಯಾದ ಪಿನ್ ಒತ್ತಿದಾಗ ಮಾತ್ರ ಅದು ಮತ್ತೆ ಮೊದಲಿನಿಂದ.

ಸ್ಕ್ರೀನ್ ಲಾಕ್ ಬೇರೆ, ಇದು ಬೇರೆ. ಬೆರಳಚ್ಚು, ಪ್ಯಾಟರ್ನ್ ಎಲ್ಲ ಫೋನಿನ ಬಾಗಿಲು ಕಾಯುತ್ತವೆ. ಕಳ್ಳನಿಗೆ ಆ ಬಾಗಿಲು ತೆರೆಯುವ ಗೊಡವೆಯೇ ಬೇಡ. ಸಿಮ್ ಕಿತ್ತು ತನ್ನ ಫೋನಿಗೆ ಹಾಕಿಕೊಂಡರೆ ನಿಮ್ಮ ಒಟಿಪಿಗಳೆಲ್ಲ ಅವನಿಗೇ ಬರುತ್ತವೆ. ಸಿದ್ಧಾರೂಢ ಮಠದ ಜಾತ್ರೆಯ ಗದ್ದಲದಲ್ಲೋ, ದುರ್ಗದಬೈಲಿನ ಸಂಜೆ ನೂಕುನುಗ್ಗಲಿನಲ್ಲೋ ಫೋನ್ ಹೋದರೆ ನಿಜವಾದ ಭಯ ಇದು. ಸಿಮ್ ಪಿನ್ ಇದ್ದರೆ ಬೇರೆ ಫೋನಿಗೆ ಹಾಕಿದ ಕೂಡಲೇ ಅದು ಪಿನ್ ಕೇಳುತ್ತದೆ. ಅಲ್ಲಿಗೆ ಅವನ ಆಟ ಮುಗಿಯಿತು.

ಲಾಕ್ ಹಾಕುವುದು

ಆಂಡ್ರಾಯ್ಡ್ ಫೋನ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ‘ಸೆಕ್ಯೂರಿಟಿ’ ಒತ್ತಿ. ಅದರೊಳಗೆ ಇನ್ನಷ್ಟು ಸೆಕ್ಯೂರಿಟಿ ಸೆಟ್ಟಿಂಗ್‌ಗಳ ಸಾಲಿನಲ್ಲಿ ‘ಸಿಮ್ ಲಾಕ್’ ಅಥವಾ ‘ಸಿಮ್ ಕಾರ್ಡ್ ಲಾಕ್’ ಸಿಗುತ್ತದೆ. ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಕಡೆ ಇಟ್ಟಿರುತ್ತಾರೆ. ಹುಡುಕಿ ಸುಸ್ತಾಗುವುದಕ್ಕಿಂತ ಸೆಟ್ಟಿಂಗ್ಸ್ ಮೇಲಿನ ಸರ್ಚ್ ಬಾಕ್ಸಿನಲ್ಲಿ ‘ಸಿಮ್ ಲಾಕ್’ ಎಂದು ಟೈಪ್ ಮಾಡುವುದು ಬೇಗ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಮೊಬೈಲ್ ಸರ್ವಿಸ್ ಅಥವಾ ಮೊಬೈಲ್ ಡೇಟಾ, ಅದರಲ್ಲಿ ಸಿಮ್ ಪಿನ್. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ಹಾಕಬೇಕು. ಇ-ಸಿಮ್‌ಗೂ ಈ ಲಾಕ್ ಇದೆ.

ಈಗ ಎಡವುವ ಜಾಗ ಬಂತು. ‘ಲಾಕ್ ಸಿಮ್ ಕಾರ್ಡ್’ ಒತ್ತಿದ ಕೂಡಲೇ ಫೋನ್ ಪಿನ್ ಕೇಳುತ್ತದೆ. ಹೊಸ ಪಿನ್ ಇಡಲು ಕೇಳುತ್ತಿದೆ ಎಂದುಕೊಂಡು ಜನ ತಮ್ಮ ಹುಟ್ಟಿದ ವರ್ಷವನ್ನೋ, ಗಾಡಿ ನಂಬರನ್ನೋ ಒತ್ತಿಬಿಡುತ್ತಾರೆ. ಅದು ಕೇಳುತ್ತಿರುವುದು ಹೊಸದನ್ನಲ್ಲ. ಸಿಮ್ ಜೊತೆಗೆ ಕಂಪನಿಯೇ ಮೊದಲೇ ಇಟ್ಟು ಕೊಟ್ಟಿರುವ ಪಿನ್ ಒಂದಿರುತ್ತದೆ, ಅದನ್ನು. ಹುಟ್ಟಿದ ವರ್ಷ ಒತ್ತಿದರೆ ಒಂದು ಅವಕಾಶ ಹೋಯಿತು. ‘ಅಯ್ಯ, ಸರಿ ಒತ್ತಲಿಲ್ಲೇನೋ’ ಎಂದು ಮತ್ತೆ ಅದನ್ನೇ ಒತ್ತಿದರೆ ಎರಡು. ಮೂರನೆಯದೂ ತಪ್ಪಿದರೆ ಸಿಮ್ ಬ್ಲಾಕ್. ಏನೂ ಕಳೆಯದೆ, ಮನೆಯಲ್ಲಿ ಸುಮ್ನೆ ಕೂತಲ್ಲೇ ಸಿಮ್ ಬಂದ್ ಮಾಡಿಕೊಂಡಂತೆ ಆಯಿತಲ್ವಾ?

ಕಂಪನಿ ಇಟ್ಟ ಪಿನ್ ಸಾಮಾನ್ಯವಾಗಿ 1234 ಅಥವಾ 0000 ಇರುತ್ತದೆ. ಆದರೆ ಎಲ್ಲ ಸಿಮ್‌ಗೂ ಅದೇ ಅಂತಿಲ್ಲ. ಸಿಮ್ ಕೂತಿದ್ದ ಎಟಿಎಂ ಕಾರ್ಡ್ ಅಳತೆಯ ಪ್ಲಾಸ್ಟಿಕ್ ಚೌಕಟ್ಟು ಇದ್ದರೆ ಹಿಂದೆ ಮುಂದೆ ತಿರುಗಿಸಿ ನೋಡಿ. ಕೆಲವದರ ಮೇಲೆ ಪಿನ್, ಪಿಯುಕೆ ಎರಡೂ ಅಚ್ಚಾಗಿರುತ್ತವೆ. 8991ರಿಂದ ಶುರುವಾಗುವ ಉದ್ದನೆ ನಂಬರ್ ಕಂಡರೆ ಅದು ಪಿನ್ ಅಲ್ಲ, ಸಿಮ್‌ನದೇ ನಂಬರ್. ಅದನ್ನೂ ಬರೆದಿಡಿ, ಕಸ್ಟಮರ್ ಕೇರ್‌ನವರು ಕೇಳುವುದುಂಟು. ಚೌಕಟ್ಟು ಎಂದೋ ಕಸಕ್ಕೆ ಹೋಗಿದ್ದರೆ ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಪಿನ್ ಕೇಳಿಕೊಂಡು ಆಮೇಲೆ ಲಾಕ್ ಒತ್ತಿ. ಕೇಳುವಾಗಲೇ ಪಿಯುಕೆ ಸಹ ಕೇಳಿ ಬರೆದುಕೊಳ್ಳಿ. ಸಿಮ್ ಚೆನ್ನಾಗಿ ನಡೆಯುತ್ತಿರುವಾಗ ಇದು ಸಲೀಸು, ಬಂದ್ ಆದ ಮೇಲೆ ತಾಪತ್ರಯ.

ಲಾಕ್ ಆನ್ ಆದ ಮೇಲೆ ಅಲ್ಲೇ ಕೆಳಗೆ ‘ಚೇಂಜ್ ಸಿಮ್ ಪಿನ್’ ಇರುತ್ತದೆ. ಹಳೇದು ಒಂದು ಸಲ, ಹೊಸದು ಎರಡು ಸಲ ಒತ್ತಿ. ನಾಲ್ಕರಿಂದ ಎಂಟು ಅಂಕಿವರೆಗೆ ಇಡಬಹುದು. 1234 ಅನ್ನೇ ಬಿಟ್ಟರೆ ಲಾಕ್ ಹಾಕಿ ಬೀಗದ ಕೈ ಬಾಗಿಲಿಗೇ ಸಿಗಿಸಿ ಬಂದ ಹಾಗೆ. ಎಟಿಎಂ ಪಿನ್, ಯುಪಿಐ ಪಿನ್ ಇಲ್ಲಿ ಬೇಡ.

ಕೀಪ್ಯಾಡ್ ಫೋನಿನಲ್ಲಿ ಮೆನು ಸಿಗದಿದ್ದರೆ ಡಯಲ್ ಮಾಡುವ ಜಾಗದಲ್ಲೇ ಈ ಕೆಲಸ ಆಗುತ್ತದೆ. ನಕ್ಷತ್ರ ನಕ್ಷತ್ರ 04 ನಕ್ಷತ್ರ, ಹಳೇ ಪಿನ್, ನಕ್ಷತ್ರ, ಹೊಸ ಪಿನ್, ನಕ್ಷತ್ರ, ಮತ್ತೆ ಹೊಸ ಪಿನ್, ಕೊನೆಗೆ ಹ್ಯಾಶ್. ಲಾಕ್ ಮೊದಲೇ ಆನ್ ಇರಬೇಕು.

ಒಂದು ತೊಂದರೆ ಹೇಳಿಬಿಡುತ್ತೇನೆ. ಫೋನ್ ಆಫ್ ಆಗಿ ಆನ್ ಆದಾಗಲೆಲ್ಲ ಪಿನ್ ಒತ್ತಬೇಕು. ರಾತ್ರಿ ಅಪ್‌ಡೇಟ್ ಆಗಿ ಫೋನ್ ತಾನೇ ರೀಸ್ಟಾರ್ಟ್ ಆದರೆ ಬೆಳಿಗ್ಗೆ ಕಾಲ್ ಬರುವುದಿಲ್ಲ. ಮನೆಯಲ್ಲಿ ವೈಫೈ ಇದ್ದರೆ ವಾಟ್ಸ್‌ಆ್ಯಪ್ ಎಂದಿನಂತೆ ಬರುತ್ತಲೇ ಇರುತ್ತದೆ, ಸಿಮ್ ಲಾಕ್ ಆಗಿದೆ ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೇ ನನ್ನ ಕೇಳಿದರೆ, ಬ್ಯಾಂಕ್ ಖಾತೆಗೆ ಜೋಡಿಸಿದ ಸಿಮ್‌ಗೆ ಲಾಕ್ ಇರಲೇಬೇಕು. ಹಳ್ಳಿಯಲ್ಲಿ ಒಬ್ಬರೇ ಇರುವ ಅಜ್ಜಿಯ ಕೀಪ್ಯಾಡ್ ಫೋನಿಗೆ ಬೇಡ. ಚಾರ್ಜ್ ಮುಗಿದು ಫೋನ್ ಆಫ್ ಆದರೆ ಪಿನ್ ಒತ್ತಿಸಿಕೊಳ್ಳಲು ಅವರು ಪಕ್ಕದ ಮನೆಗೆ ಹೋಗಬೇಕಾಗುತ್ತದೆ. ಹಾಂ, ಪಿನ್ ಕೇಳುತ್ತಿರುವಾಗಲೂ ತುರ್ತು ನಂಬರ್ 112ಕ್ಕೆ ಕರೆ ಹೋಗುತ್ತದೆ.

ಪಿಯುಕೆ ಕೇಳಿದಾಗ

ಮೂರು ಸಲ ತಪ್ಪಾದ ಮೇಲೆ ಫೋನ್ ಪಿಯುಕೆ ಕೇಳುತ್ತದೆ. ಅದು ಎಂಟು ಅಂಕಿಯ ನಂಬರ್. ಒಂದೊಂದು ಸಿಮ್‌ಗೆ ಒಂದೊಂದು. ನಾವು ಬದಲಿಸಲು ಬರುವುದಿಲ್ಲ, ಊಹಿಸಲೂ ಬರುವುದಿಲ್ಲ. ಇದಕ್ಕೆ ಹತ್ತು ಅವಕಾಶ. ಹತ್ತೂ ತಪ್ಪಿದರೆ ಆ ಸಿಮ್ ಸತ್ತಂತೆಯೇ, ಕಂಪನಿಯವರೂ ಅದನ್ನು ಎಬ್ಬಿಸಲಾರರು. ಹತ್ತು ಇವೆಯಲ್ಲ, ನೋಡೋಣ ಅಂತ ಒತ್ತುತ್ತಾ ಕೂರುವವರಿದ್ದಾರೆ. ಎಂಟು ಅಂಕಿ ಅಂದರೆ ಹತ್ತು ಕೋಟಿ ಬಗೆ. ಕೈ ತೆಗೆಯಿರಿ.

ಲಾಕ್ ಆದ ಸಿಮ್‌ನಿಂದ ಕಸ್ಟಮರ್ ಕೇರ್‌ಗೆ ಫೋನ್ ಹೋಗುವುದಿಲ್ಲ. ಮನೆಯವರ ಹತ್ತಿರವೋ, ಪಕ್ಕದ ಅಂಗಡಿಯಲ್ಲೋ ಅದೇ ಕಂಪನಿಯ ಸಿಮ್ ಇರುವ ಫೋನ್ ಇಸಿದುಕೊಂಡು 198ಕ್ಕೆ ಕರೆ ಮಾಡಿ. ನಂಬರ್ ಯಾರ ಹೆಸರಲ್ಲಿದೆ, ಹುಟ್ಟಿದ ತಾರೀಖು, ಕೊನೆಯ ರೀಚಾರ್ಜ್ ಎಷ್ಟು, ಹೀಗೆ ಕೇಳಿ ಖಾತ್ರಿ ಮಾಡಿಕೊಂಡು ಪಿಯುಕೆ ಹೇಳುತ್ತಾರೆ. ಇಲ್ಲೇ ಹಲವರ ಗಾಡಿ ನಿಲ್ಲುವುದು. ಸಿಮ್ ಬಳಸುವವರು ಗದಗದಲ್ಲಿ ಅಪ್ಪ, ಹೆಸರು ಬೆಂಗಳೂರಿನಲ್ಲಿರುವ ಮಗನದು. ಅಂಥ ಕಡೆ ಮಗನನ್ನೇ ಕರೆ ಮಾಡಲು ಹೇಳುವುದು ಒಳ್ಳೆಯದು.

ಎಂಟು ಅಂಕಿ ಕಾಗದದ ಮೇಲೆ ಬರೆದುಕೊಂಡು, ಒಂದು ಸಲ ಓದಿ ಹೇಳಿ ಸರಿಯಾ ಎಂದು ಕೇಳಿ. ಆಮೇಲೆ ಫೋನಿನಲ್ಲಿ ಪಿಯುಕೆ ಒತ್ತಿ. ಹೊಸ ಪಿನ್ ಕೇಳುತ್ತದೆ, ಎರಡು ಸಲ ಒತ್ತಿ. ಕೆಲಸ ಮುಗಿಯಿತು. ಕೀಪ್ಯಾಡ್ ಫೋನ್ ಹಟ ಹಿಡಿದರೆ ನಕ್ಷತ್ರ ನಕ್ಷತ್ರ 05 ನಕ್ಷತ್ರ, ಪಿಯುಕೆ, ನಕ್ಷತ್ರ, ಹೊಸ ಪಿನ್, ನಕ್ಷತ್ರ, ಮತ್ತೆ ಹೊಸ ಪಿನ್, ಹ್ಯಾಶ್.

ಕಸ್ಟಮರ್ ಕೇರ್ ಎಂದು ಹೇಳಿಕೊಂಡು ಅವರೇ ನಿಮಗೆ ಫೋನ್ ಮಾಡಿ ಪಿನ್, ಒಟಿಪಿ ಕೇಳಿದರೆ ಕೊಡಬೇಡಿ. ಪಿಯುಕೆಗಾಗಿ ಕರೆ ಮಾಡಬೇಕಾದವರು ನೀವು, ಅವರಲ್ಲ. ‘ಇನ್‌ಸ್ಟಂಟ್ ಪಿಯುಕೆ’ ಎನ್ನುವ ಆ್ಯಪ್‌ಗಳನ್ನೂ ನಂಬಬೇಡಿ.

ಬರೆದ ಚೀಟಿಯನ್ನು ಫೋನಿನ ಕವರ್ ಒಳಗೆ ಸಿಗಿಸಬೇಡಿ. ಫೋನ್ ಜೊತೆ ಅದೂ ಹೋಗುತ್ತದೆ. ಬ್ಯಾಂಕ್ ಪಾಸ್‌ಬುಕ್, ಹೊಲದ ಉತಾರ ಇಡುವ ಫೈಲಿನಲ್ಲಿ ಇಡಿ.

‘ಪಿನ್ 2’ ಅಂತ ಕೇಳಿದರೆ ಗಾಬರಿ ಬೇಡ. ಅದು ಆಯ್ದ ನಂಬರ್‌ಗಳಿಗೆ ಮಾತ್ರ ಕರೆ ಹೋಗುವಂತೆ ಮಾಡುವ ಸೌಲಭ್ಯದ್ದು. ಅದು ಬ್ಲಾಕ್ ಆದರೂ ಮಾಮೂಲಿ ಕಾಲ್ ನಡೆಯುತ್ತವೆ.

ಹತ್ತೂ ಮುಗಿದರೆ, ಅಥವಾ ಫೋನೇ ಹೋದರೆ

ಎರಡಕ್ಕೂ ದಾರಿ ಡುಪ್ಲಿಕೇಟ್ ಸಿಮ್. ನಂಬರ್ ಅದೇ ಉಳಿಯುತ್ತದೆ. ಯಾರ ಹೆಸರಲ್ಲಿದೆಯೋ ಅವರೇ ಆಧಾರ್ ಹಿಡಿದು ಕಂಪನಿಯ ಸ್ಟೋರ್‌ಗೆ ಹೋಗಬೇಕು. ಫೋನ್ ಕಳುವಾಗಿದ್ದರೆ ಮೊದಲು 198ಕ್ಕೆ ಹೇಳಿ ಹಳೇ ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ, ಪೊಲೀಸ್ ದೂರು ಕೊಡಿ. ದೂರಿನ ಪ್ರತಿ ಇದ್ದರೆ ಕೇಂದ್ರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಹಾಕಿ ಫೋನನ್ನೂ ಬ್ಲಾಕ್ ಮಾಡಿಸಬಹುದು. 2023ರಲ್ಲಿ ಶುರುವಾದ ಪೋರ್ಟಲ್ ಇದು. ಐಎಂಇಐಯನ್ನು ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ ಬರೆದಿಟ್ಟುಕೊಂಡಿರುವುದು ಒಳ್ಳೆಯದು. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೊಸ ಸಿಮ್ ಚಾಲೂ ಆದ ಮೇಲೂ ಮೊದಲ 24 ತಾಸು ಎಸ್‌ಎಂಎಸ್ ಬರುವುದಿಲ್ಲ. ಕಳ್ಳರು ನಿಮ್ಮ ಹೆಸರಲ್ಲಿ ಸಿಮ್ ಬದಲಿಸಿ ಒಟಿಪಿ ಕದಿಯದಿರಲಿ ಎಂದು ಮಾಡಿದ ವ್ಯವಸ್ಥೆ ಇದು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹಾಕಿ ಹಣ ಜಮಾ ಆದ ಮೆಸೇಜಿಗೆ ಕಾಯುತ್ತಿರುವವರು ಅವತ್ತು ಬ್ಯಾಂಕಿಗೇ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸುವುದು ವಾಸಿ. 2024ರ ಜುಲೈ 1ರಿಂದ ಇನ್ನೊಂದು ನಿಯಮವೂ ಇದೆ. ಸಿಮ್ ಬದಲಿಸಿದ 7 ದಿನ ಬೇರೆ ಕಂಪನಿಗೆ ಪೋರ್ಟ್ ಆಗಲು ಬರುವುದಿಲ್ಲ.

ಡುಪ್ಲಿಕೇಟ್ ಸಿಮ್ ಬಂದ ಮೇಲೆ ಹಳೇ ಚೀಟಿ ಹರಿದು ಹಾಕಿ. ಅದರ ಪಿಯುಕೆ ಇದಕ್ಕೆ ನಡೆಯುವುದಿಲ್ಲ. ಲಾಕ್ ಕೂಡ ಹೊಸದಾಗಿ ಹಾಕಬೇಕು. ಸ್ಟೋರ್‌ನಲ್ಲಿ ಹೊಸ ಸಿಮ್‌ನ ಪ್ಲಾಸ್ಟಿಕ್ ಚೌಕಟ್ಟನ್ನು ಕಸದ ಬುಟ್ಟಿಗೆ ಎಸೆಯುವ ಮುಂಚೆ ‘ಅದನ್ನ ಇತ್ತ ಕೊಡ್ರಿ’ ಎಂದು ಕೇಳಿ ಇಸಿದುಕೊಳ್ಳಿ.