ದೇವರ ಮೇಲಿನ ಸಿಟ್ಟು ಬೇರೆ, ಮನುಷ್ಯರ ಮೇಲಿನ ಸಿಟ್ಟು ಬೇರೆ: ಮಗುವನ್ನು ಕಳೆದುಕೊಂಡ ತಾಯಂದಿರಿಗೆ

ಮಕ್ಕಳನ್ನು ಕಳೆದುಕೊಂಡ ತಾಯಿಯನ್ನು ಎರಡು ಪ್ರಶ್ನೆ ಬಿಡದೆ ಕಾಡುತ್ತವೆ. ದೇವರು ಯಾಕೆ ಹೀಗೆ ಮಾಡಿದ? ಇದಕ್ಕೆ ಕಾರಣ ಆದವರನ್ನು ನಾನು ಕ್ಷಮಿಸಬೇಕಾ? ಸುತ್ತಲಿನವರು ಎರಡನ್ನೂ ಸೇರಿಸಿಯೇ ಮಾತಾಡುತ್ತಾರೆ. "ದೇವರ ಮೇಲೆ ಭಾರ ಹಾಕು, ಕಾರಣ ಆದವನನ್ನು ಕ್ಷಮಿಸಿಬಿಡು, ಮನಸ್ಸು ಹಗುರ ಆಗುತ್ತೆ" ಅನ್ನುತ್ತಾರೆ. ನಾನು ಹೇಳುವುದು, ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಿ. ಒಂದು ಬಗೆಹರಿಯಬಹುದು, ಇನ್ನೊಂದು ಹಾಗೇ ಉಳಿಯಬಹುದು. ಅದರಿಂದ ಏನೂ ಕೆಡುವುದಿಲ್ಲ.

ನನ್ನ ಮಗ ಬೈಕಿನಲ್ಲಿ ಹಿಂದೆ ಕೂತಿದ್ದ. ಓಡಿಸುತ್ತಿದ್ದವನು ಅವನ ಗೆಳೆಯ. ಗೆಳೆಯ ಉಳಿದ, ಮಗ ಉಳಿಯಲಿಲ್ಲ. ಆ ಹುಡುಗ ಹೈಸ್ಕೂಲಿನಿಂದಲೂ ನಮ್ಮ ಮನೆಗೆ ಬಂದು ಹೋಗುತ್ತಿದ್ದವನು. ಯಾರೋ ಗುರುತಿಲ್ಲದ ಲಾರಿ ಡ್ರೈವರ್ ಆಗಿದ್ದರೆ ದ್ವೇಷ ಮಾಡೋದು ಸುಲಭ ಇತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಮೊದಲ ದಿನಗಳಲ್ಲಿ

ಯಾವ ತೀರ್ಮಾನವನ್ನೂ ಮಾಡಬೇಡಿ. ದೇವರು ಇದ್ದಾನೋ ಇಲ್ಲವೋ, ಕ್ಷಮಿಸಬೇಕೋ ಬೇಡವೋ, ಬಟ್ಟೆಬರೆ ಯಾರಿಗೆ ಕೊಡಬೇಕು, ಎಲ್ಲವೂ ಕಾಯಲಿ. ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಬಂದು ರೂಮು ಖಾಲಿ ಮಾಡಲು ಶುರು ಮಾಡುತ್ತಾರೆ. ಬಾಗಿಲು ಹಾಕಿ, ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಮಗನ ಫೋನ್ ಗಾಜು ಒಡೆದು ವಾಪಸ್ ಬಂತು. ಮರುದಿನ ಬೆಳಿಗ್ಗೆ ಆರಕ್ಕೆ ಅದು ಹೊಡೆದುಕೊಂಡಿತು. ಅಲಾರಂಗೆ ಅವನು ಇಟ್ಟಿದ್ದ ಹೆಸರು 'ಅಮ್ಮ ಬೈಯೋ ಮುಂಚೆ'. ನಾದಿನಿ ಓಡಿಬಂದು ಆಫ್ ಮಾಡಲು ಹೋದಳು. ಬೇಡ ಅಂದೆ. ಚಾರ್ಜಿಗೆ ಹಾಕಿಟ್ಟೆ. ತಿಂಗಳುಗಟ್ಟಲೆ ಅದು ದಿನಾ ಹೊಡೆದುಕೊಂಡಿತು. ಕೆಲವರಿಗೆ ಇದು ಹುಚ್ಚು ಅನ್ನಿಸಿತು. ಒಂದು ಕಾಲದಲ್ಲಿ ತಜ್ಞರೂ ಹಾಗೇ ಅಂದುಕೊಂಡಿದ್ದರು, ಸತ್ತವರನ್ನು 'ಬಿಟ್ಟುಕೊಟ್ಟರೆ' ಮಾತ್ರ ಚೇತರಿಕೆ ಅಂತ. ಅಮೆರಿಕದ ಸಂಶೋಧಕ ಡೆನ್ನಿಸ್ ಕ್ಲಾಸ್ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರ ಗುಂಪಿನ ಜೊತೆ ವರ್ಷಗಟ್ಟಲೆ ಇದ್ದು ನೋಡಿದರು. ಅವರು ಮತ್ತು ಅವರ ಸಂಗಡಿಗರು 1996ರಲ್ಲಿ ಬರೆದದ್ದು ಬೇರೆಯೇ: ಸಂಬಂಧ ಮುಗಿಯುವುದಿಲ್ಲ, ರೂಪ ಬದಲಾಗುತ್ತದೆ, ಅದು ಕಾಯಿಲೆಯಲ್ಲ. ನಿಮಗೆ ಬೇಕಾದ್ದನ್ನು ಇಟ್ಟುಕೊಳ್ಳಿ, ನಾಚಿಕೆ ಬೇಡ.

ಇನ್ನೊಂದು, 'ದುಃಖದ ಐದು ಹಂತ' (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಅಂತ ಯಾರಾದರೂ ಹೇಳಿದರೆ ನೀವು ಯಾವ ಹಂತದಲ್ಲಿದ್ದೀರಿ ಅಂತ ಹುಡುಕುತ್ತಾ ಕೂರಬೇಡಿ. ಎಲಿಸಬೆತ್ ಕ್ಯೂಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ, ಉಳಿದುಹೋದ ತಾಯಂದಿರನ್ನು ನೋಡಿ ಅಲ್ಲ.

ದೇವರ ಜೊತೆ

ಪ್ರಾರ್ಥನೆ ಬರದಿದ್ದರೆ ಮಾಡಬೇಡಿ. ಬಾಯಿಗೆ ಬಂದ ಶ್ಲೋಕವೋ ಸ್ತೋತ್ರವೋ ಅರ್ಧಕ್ಕೆ ನಿಂತುಹೋದರೆ ನಿಲ್ಲಲಿ. ಆದರೆ ಸಿಟ್ಟನ್ನು ಒಳಗೆ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗ ಬಾಯಿಬಿಟ್ಟು ಬೈಯಿರಿ. 'ನೀನು ಆ ತಿರುವಿನಲ್ಲಿ ಎಲ್ಲಿದ್ದೆ? ಬೈಕ್ ನಿಧಾನ ಮಾಡಿಸೋಕೆ ನಿನ್ನ ಕೈಲಿ ಆಗ್ತಿರಲಿಲ್ವಾ?' ಅಂತ ನೇರವಾಗಿ ಕೇಳಿ. ನಾನು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಕೊಂಡು ಬೈಯುತ್ತಿದ್ದೆ. ನೀರಿನ ಸದ್ದಿಗೆ ಹೊರಗೆ ಏನೂ ಕೇಳಿಸುವುದಿಲ್ಲ.

ಇದು ಪಾಪ ಅಂತ ಹೆದರಿಸುವವರಿಗೆ ಗಾಂಧಾರಿಯನ್ನು ನೆನಪಿಸಿ. ನೂರು ಮಕ್ಕಳ ಹೆಣ ಬಿದ್ದಿದ್ದ ಕುರುಕ್ಷೇತ್ರದಲ್ಲಿ ನಿಂತು ಅವಳು ಕೃಷ್ಣನನ್ನೇ ಕೇಳಿದಳು, ತಡೆಯುವ ಶಕ್ತಿ ಇದ್ದೂ ಯಾಕೆ ಸುಮ್ಮನಿದ್ದೆ ಅಂತ. ಇನ್ನು 36 ವರ್ಷಕ್ಕೆ ನಿನ್ನವರೂ ಹೀಗೇ ಹೊಡೆದಾಡಿಕೊಂಡು ಸಾಯಲಿ ಅಂತ ಶಾಪ ಕೊಟ್ಟಳು. ಕೃಷ್ಣ ಮುಗುಳ್ನಕ್ಕು ಅದನ್ನು ಒಪ್ಪಿಕೊಂಡ. (ಆಮೇಲೆ ತಪ್ಪು ನಿನ್ನದೂ ಇದೆ ಅಂತ ಅವಳಿಗೇ ಹೇಳುತ್ತಾನೆ. ಆ ಭಾಗ ನನಗೆ ಇವತ್ತಿಗೂ ಸೇರುವುದಿಲ್ಲ.) ಮಕ್ಕಳನ್ನು ಕಳೆದುಕೊಂಡ ತಾಯಿ ದೇವರನ್ನು ನಿಲ್ಲಿಸಿ ಕೇಳಿದ್ದು ಹೊಸದೇನೂ ಅಲ್ಲ.

ಕಾರಣ ಹೇಳಲು ಬರುವವರೇ ಜಾಸ್ತಿ ಸುಸ್ತು ಮಾಡುತ್ತಾರೆ. 'ಒಳ್ಳೆಯವರನ್ನೇ ದೇವರು ಬೇಗ ಕರ್ಕೊಳ್ಳೋದು', 'ಋಣ ಅಷ್ಟೇ ಇತ್ತು', 'ಹಣೆಬರಹ ತಪ್ಪಿಸೋಕಾಗುತ್ತಾ'. ಬೈಬಲ್ಲಿನ ಯೋಬನ ಕಥೆಯಲ್ಲಿ ಅವನ ಹತ್ತೂ ಮಕ್ಕಳು ಒಂದೇ ದಿನ ಸಾಯುತ್ತಾರೆ. ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆಯೇ ಕೆಟ್ಟಿದ್ದು. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ, ಕೂಗಾಡಿದ ಯೋಬನ ಮೇಲಲ್ಲ. ಹಾಗಾಗಿ ಒಂದು ಮಾತು ಮೊದಲೇ ರೆಡಿ ಇಟ್ಟುಕೊಳ್ಳಿ. ನನ್ನದು ಇದು: 'ಕಾರಣ ಈಗ ಬೇಡ. ಸುಮ್ನೆ ಸ್ವಲ್ಪ ಹೊತ್ತು ಜೊತೆಗೆ ಕೂತ್ಕೊಳ್ಳಿ.' ಅರ್ಧ ಜನ ಕೂರುತ್ತಾರೆ. ಉಳಿದವರು ಎದ್ದು ಹೋಗುತ್ತಾರೆ, ಅದೂ ಒಳ್ಳೆಯದೇ.

ನಂಬಿಕೆ ವಾಪಸ್ ಬರುತ್ತದಾ? ಕೆಲವರಿಗೆ ಬರುತ್ತದೆ, ಕೆಲವರಿಗೆ ಬೇರೆ ಥರ ಬರುತ್ತದೆ, ಕೆಲವರಿಗೆ ಇಲ್ಲ. ನಾನು ಈಗ ದೇವರನ್ನು ಏನೂ ಕೇಳುವುದಿಲ್ಲ. ಮಾತಾಡುತ್ತೇನೆ, ಅಷ್ಟೇ.

ನಿಮ್ಮ ಮೇಲಿನ ಸಿಟ್ಟು

'ಅವತ್ತು ಹೋಗಬೇಡ ಅಂದಿದ್ದರೆ' ಅನ್ನುವುದು ರಾತ್ರಿ ಎರಡು ಗಂಟೆಗೆ ಬಂದು ಕೂರುತ್ತದೆ. ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಆ ಹೊತ್ತಿನಲ್ಲಿ ನಿಮಗೆ ಗೊತ್ತಿದ್ದದ್ದು, ಬಲಕ್ಕೆ ಆಮೇಲೆ ಗೊತ್ತಾದದ್ದು. ನನ್ನ ಎಡಗಡೆ ಇದ್ದದ್ದು: ಸಂಜೆ, ಮಳೆ ಇಲ್ಲ, ಗೊತ್ತಿರುವ ಹುಡುಗ, ಗೊತ್ತಿರುವ ರಸ್ತೆ, ಒಂಬತ್ತಕ್ಕೆ ಬರ್ತೀನಿ ಅಂದಿದ್ದ. ಇಷ್ಟು ಗೊತ್ತಿದ್ದ ಯಾವ ತಾಯಿಯಾದರೂ ಹೋಗಿ ಬಾ ಅನ್ನುತ್ತಾಳೆ. ಬಲಗಡೆಯದನ್ನು ಎಡಗಡೆಗೆ ತಂದು ನಿಮ್ಮನ್ನೇ ಹೊಡೆದುಕೊಳ್ಳುತ್ತಿದ್ದೀರಿ ಅಂತ ಬರೆದಾಗ ಮಾತ್ರ ಕಾಣುತ್ತದೆ. ಹಾಳೆಯನ್ನು ಹಾಸಿಗೆ ಪಕ್ಕದಲ್ಲೇ ಇಡಿ, ಮತ್ತೆ ಬೇಕಾಗುತ್ತದೆ.

ಬದುಕುವುದೇ ಬೇಡ ಅನ್ನಿಸಿದರೆ ಮಾತ್ರ ಹಾಳೆ ಸಾಲದು. ಅದೇ ದಿನ ಮನೆಯವರಿಗೆ ಹೇಳಿ ಡಾಕ್ಟರ ಹತ್ತಿರ ಹೋಗಿ. ಆರು ತಿಂಗಳು ದಾಟಿದ ಮೇಲೂ ದಿನದ ಕೆಲಸ ಒಂದೂ ಮಾಡಲಾಗದಷ್ಟು ದುಃಖ ಹಿಡಿದುಕೊಂಡಿದ್ದರೂ ತೋರಿಸಿ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಇದು ಸೇರಿದೆ, ಇದಕ್ಕೆ ಚಿಕಿತ್ಸೆ ಇದೆ.

ಇನ್ನೊಬ್ಬರನ್ನು ಕ್ಷಮಿಸುವುದು

ಕ್ಷಮಿಸುವುದು ಅಂದರೆ ನಡೆದದ್ದು ಸರಿ ಅನ್ನುವುದಲ್ಲ. ಮತ್ತೆ ಮೊದಲಿನ ಹಾಗೆ ಓಡಾಡಿಕೊಂಡಿರಬೇಕು ಅಂತಲೂ ಇಲ್ಲ. ಕೇಸಿನಲ್ಲಿ ಹೇಳಿಕೆ ಬದಲಿಸಿ ಅಂತ ಯಾರಾದರೂ 'ಕ್ಷಮೆ ದೊಡ್ಡದು' ಅನ್ನುತ್ತಾ ಬಂದರೆ, ಬಾಗಿಲಿನಿಂದಲೇ ಕಳಿಸಿ. ಹುಡುಗ ವೇಗವಾಗಿ ಓಡಿಸಿದ್ದು ನಿಜ, ನಮಗೆ ಗೊತ್ತಿದ್ದಷ್ಟನ್ನು ಹಾಗೇ ಹೇಳಿದೆವು. ಕಾನೂನಿನ ಕೆಲಸ ಕಾನೂನಿಗೆ ಇರಲಿ.

ಎವರೆಟ್ ವರ್ದಿಂಗ್ಟನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಷಮೆಯ ಬಗ್ಗೆಯೇ ಅಧ್ಯಯನ ಮಾಡುತ್ತಿದ್ದವರು. 1996ರ ಹೊಸವರ್ಷದ ಹೊತ್ತಿಗೆ ಕಳ್ಳತನಕ್ಕೆ ನುಗ್ಗಿದವರ ಕೈಯಲ್ಲಿ ಅವರ ತಾಯಿಯೇ ಕೊಲೆಯಾದರು. ಅವರು ಎರಡು ಬಗೆಯ ಕ್ಷಮೆ ಹೇಳುತ್ತಾರೆ. ಒಂದು, ಸೇಡು ತೀರಿಸಿಕೊಳ್ಳುವುದಿಲ್ಲ ಅನ್ನುವ ತೀರ್ಮಾನ. ಇನ್ನೊಂದು, ಒಳಗಿನ ಕಹಿ ಕರಗುವುದು. ಮೊದಲನೆಯದು ನಿಮ್ಮ ಕೈಯಲ್ಲಿದೆ. ಎರಡನೆಯದು ತೀರ್ಮಾನ ಮಾಡಿದ ಮಾತ್ರಕ್ಕೆ ಬರುವುದಿಲ್ಲ, ಅದಕ್ಕೆ ಸಮಯ ಬೇಕು. ಇದು ಗೊತ್ತಾದ ಮೇಲೆ ನನಗೆ ಉಸಿರು ಬಂತು. ತೀರ್ಮಾನ ಮಾಡಿದೆ. ಅವನ ಹೆಸರು ಕೇಳಿದರೆ ಹೊಟ್ಟೆ ಉರಿಯುವುದು ಮಾತ್ರ ಆಮೇಲೂ ಬಹಳ ಕಾಲ ಇತ್ತು.

ಎದುರಾಎದುರು ನೋಡಬೇಕು ಅನ್ನಿಸಿದರೆ ಆತುರ ಬೇಡ. ನಡುವೆ ಒಬ್ಬರು ಇರಲಿ. ಎಷ್ಟು ಹೊತ್ತು ಅಂತ ಮೊದಲೇ ಹೇಳಿ, ಅರ್ಧ ಗಂಟೆ ಸಾಕು. 'ಕ್ಷಮಿಸಿದೆ' ಅನ್ನುವ ಮಾತನ್ನು ಮೊದಲೇ ತಯಾರು ಮಾಡಿಕೊಂಡು ಹೋಗಬೇಡಿ. ನಿಮಗೆ ನಿಜವಾಗಿ ತಿಳಿಯಬೇಕಾದ ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಹುಡುಗ ಕುಂಟುತ್ತಾ ಬಂದ, ಕೂತ್ಕೋ ಅಂದರೂ ಕೂರಲಿಲ್ಲ. ನಾನು ಕೇಳಿದ್ದು, "ಕೊನೆಗೆ ಏನು ಮಾತಾಡ್ತಿದ್ದ?"

"ಮಾತಾಡ್ತಿರಲಿಲ್ಲ ಆಂಟಿ, ಹಾಡ್ತಿದ್ದ. ಸಾಲು ಮರೆತು ಬರೀ ಲಾ ಲಾ ಅಂತಿದ್ದ."

ನನ್ನ ಮಗನಿಗೆ ಯಾವ ಹಾಡಿನ ಎರಡನೇ ಸಾಲೂ ಗೊತ್ತಿರಲಿಲ್ಲ. ಇದನ್ನು ನನಗೆ ಹೇಳಬಲ್ಲವನು ಇವನೊಬ್ಬನೇ ಅಂತ ಆಗ ಹೊಳೆಯಿತು. ಮತ್ತೆ ಬರಬೇಕಾದರೆ ಫೋನ್ ಮಾಡಿ ಬಾ ಅಂದೆ.

ಮನೆಯವರೆಲ್ಲ ಒಂದೇ ದಾರಿಯಲ್ಲಿ ನಡೆಯಬೇಕು ಅಂತ ಹಟ ಹಿಡಿಯಬೇಡಿ. ನಮ್ಮ ಯಜಮಾನರು ಆ ಹುಡುಗನ ಮುಖ ನೋಡಲು ಇವತ್ತಿಗೂ ಒಪ್ಪಿಲ್ಲ. ದೇವರಿಗೆ ಮಾತ್ರ ಒಂದು ದಿನವೂ ತಪ್ಪದೆ ಕೈಮುಗಿಯುತ್ತಾರೆ. ನಾನು ಅವರ ಉಲ್ಟಾ. ಈ ಬಗ್ಗೆ ವಾದ ಮಾಡುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಅವನು ಬರುವ ದಿನ ನಾನು ಮೊದಲೇ ತಿಳಿಸುತ್ತೇನೆ, ಅವರು ಆ ಹೊತ್ತಿಗೆ ವಾಕಿಂಗ್ ಹೋಗುತ್ತಾರೆ.